ಫ್ರೆಡ್ಡಿ ಮತ್ತೆ ಬಂದ, ಈ ಸಲ ನಗಿಸಲಿಕ್ಕಲ್ಲ: ‘ನ್ಯೂ ನೈಟ್‌ಮೇರ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ನಾವು ಕೆಲವರು ಆಗಾಗ ಒಟ್ಟಿಗೆ ಕೂತು ಹಳೆಯ ಹಾರರ್ ಸಿನಿಮಾ ನೋಡುತ್ತೇವೆ. ಯಾರದ್ದಾದರೂ ಮನೆಯ ಚಾವಡಿ, ಒಂದು ಪ್ರೊಜೆಕ್ಟರ್, ಗೋಡೆಗೆ ಬಿಳಿ ವೇಷ್ಟಿ, ಅಷ್ಟೆ. 1994ರ ‘ವೆಸ್ ಕ್ರೇವನ್ಸ್ ನ್ಯೂ ನೈಟ್‌ಮೇರ್’ ಹಾಕಿದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಒಮ್ಮೆ ಬರೆದಿಟ್ಟರೆ ನನ್ನ ಗಂಟಲಾದರೂ ಉಳಿದೀತು. ಕಥೆಯ ಗುಟ್ಟು ಹೇಳುವ ಕಡೆ ಮೊದಲೇ ಎಚ್ಚರಿಸಿದ್ದೇನೆ.

ಇದು ಯಾವ ಸಿನಿಮಾ? ಉದ್ದ ಎಳೆಯದೆ ಹೇಳಿ.

‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಎಂಬ ಸ್ಲ್ಯಾಶರ್ ಸರಣಿಯ ಏಳನೆಯ ಸಿನಿಮಾ. ಬರೆದು ನಿರ್ದೇಶಿಸಿದವರು ವೆಸ್ ಕ್ರೇವನ್. 1984ರಲ್ಲಿ ಸರಣಿಯನ್ನು ಹುಟ್ಟಿಸಿದವರೂ ಅವರೇ. ಹತ್ತು ವರ್ಷದ ನಂತರ ವಾಪಸ್ ಬಂದು, ತಮ್ಮದೇ ರಾಕ್ಷಸನನ್ನು ಎಲ್ಲರೂ ಸೇರಿ ಏನು ಮಾಡಿಬಿಟ್ಟರು ಅಂತ ನೋಡಿ, ಅವನನ್ನು ಮತ್ತೆ ರಾಕ್ಷಸನನ್ನಾಗಿ ಮಾಡಲು ಹೊರಟರು.

ಸ್ಲ್ಯಾಶರ್ ಅಂದರೆ ಏನು?

ಒಬ್ಬ ಕೊಲೆಗಾರ. ಕೈಯಲ್ಲಿ ಚೂರಿ, ಕೊಡಲಿ, ಗರಗಸ ಹೀಗೆ ಏನಾದರೊಂದು ಹರಿತದ್ದು. ಹದಿಹರೆಯದವರ ಗುಂಪು. ಒಬ್ಬೊಬ್ಬರಾಗಿ ಸಾಯುತ್ತಾರೆ, ಕೊನೆಗೆ ಒಬ್ಬ ಹುಡುಗಿ ಉಳಿದು ಎದುರು ನಿಲ್ಲುತ್ತಾಳೆ. 1960ರ ‘ಸೈಕೋ’ ಇದರ ಅಜ್ಜ. 1974ರ ‘ಬ್ಲ್ಯಾಕ್ ಕ್ರಿಸ್‌ಮಸ್’ ಮತ್ತು ‘ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ದಾರಿ ತೋರಿದವು, 1978ರ ‘ಹ್ಯಾಲೋವೀನ್’ ಅಚ್ಚು ಹಾಕಿಕೊಟ್ಟಿತು, 1980ರ ‘ಫ್ರೈಡೇ ದ ಥರ್ಟೀಂತ್’ ಅದೇ ಅಚ್ಚಿನಲ್ಲಿ ಅಂಗಡಿ ತೆರೆಯಿತು. ಆಮೇಲೆ ಬಂದ ನೂರಾರು ಸಿನಿಮಾಗಳು ಈ ಅಂಗಡಿಯ ಗಿರಾಕಿಗಳೇ.

ಈ ಫ್ರೆಡ್ಡಿ ಯಾರು?

ಫ್ರೆಡ್ಡಿ ಕ್ರೂಗರ್. ಬದುಕಿದ್ದಾಗ ಮಕ್ಕಳನ್ನು ಕೊಂದವನು. ಕೋರ್ಟಿನಲ್ಲಿ ತಪ್ಪಿಸಿಕೊಂಡ. ಊರಿನ ಅಪ್ಪ ಅಮ್ಮಂದಿರು ಸೇರಿ ಅವನನ್ನು ಸುಟ್ಟು ಹಾಕಿದರು. ಸತ್ತ ಮೇಲೆ ಅವರ ಮಕ್ಕಳ ಕನಸಿಗೆ ಬಂದು ಕೊಲ್ಲುತ್ತಾನೆ. ಕನಸಲ್ಲಿ ಸತ್ತರೆ ನಿಜವಾಗಿಯೂ ಸತ್ತ ಹಾಗೆ. ಸುಟ್ಟ ಮುಖ, ಕೆಂಪು ಹಸಿರು ಪಟ್ಟೆಯ ಸ್ವೆಟರ್, ಹಳೆಯ ಟೊಪ್ಪಿ, ಬಲಗೈಗೆ ಚೂರಿ ಜೋಡಿಸಿದ ಗ್ಲೌಸ್.

ಈ ಕಲ್ಪನೆಯ ಹಿಂದೆ ಒಂದು ನಿಜ ಸಂಗತಿ ಇದೆ. ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ಬಂದ ನಿರಾಶ್ರಿತರಲ್ಲಿ ಕೆಲವು ಗಂಡಸರು ನಿದ್ದೆಯಲ್ಲೇ ಸತ್ತದ್ದರ ಬಗ್ಗೆ ಕ್ರೇವನ್ ಪತ್ರಿಕೆಯಲ್ಲಿ ಓದಿದ್ದರು. ಕೆಂಪು ಹಸಿರು ಬಣ್ಣವನ್ನೂ ಸುಮ್ನೆ ಆರಿಸಿದ್ದಲ್ಲ. ಆ ಎರಡು ಬಣ್ಣ ಅಕ್ಕಪಕ್ಕ ಇದ್ದರೆ ಕಣ್ಣಿಗೆ ಕಿರಿಕಿರಿ ಆಗುತ್ತದೆ ಅಂತ ಓದಿ ತೊಡಿಸಿದ್ದು.

ಮೊದಲ ಸಿನಿಮಾ ತೆರೆಗೆ ಬಂದದ್ದು 1984ರ ನವೆಂಬರಿನಲ್ಲಿ. ಅದೇ ವರ್ಷ ಮೇ 24ಕ್ಕೆ ನಮ್ಮ ಕಾಸರಗೋಡು ಜಿಲ್ಲೆಯಾಯಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ನೆನಪಿಟ್ಟುಕೊಳ್ಳಲು ಸುಲಭ ಅಂತ ಹೇಳಿದೆ.

ಹಿಂದಿನ ಆರನ್ನೂ ನೋಡಿರಬೇಕಾ?

ಬೇಡ. ಒಂದನೆಯದನ್ನು ಮಾತ್ರ ನೋಡಿ, ಅದನ್ನು ಬಿಡಬೇಡಿ. ಏಳನೆಯದು ಅರ್ಧದಷ್ಟು ನಿಂತಿರುವುದು ಒಂದನೆಯದರ ನೆನಪಿನ ಮೇಲೆ. ಫೋನಿನಿಂದ ನಾಲಿಗೆ ಹೊರಬರುವುದು, ಗೋಡೆ ಹತ್ತಿಸಿ ಚಾವಣಿಗೆ ಎಳೆಯುವುದು, ತಲೆಯ ಬಿಳಿ ಕೂದಲಿನ ಎಳೆ, ಇವೆಲ್ಲ ಹಳೆಯ ಪರಿಚಯದವು. ಪರಿಚಯ ಇಲ್ಲದವರಿಗೆ ಅರ್ಧ ರುಚಿ ಹೋಯಿತು.

ಸಮಯ ಇದ್ದರೆ 1987ರ ಮೂರನೆಯದು, ‘ಡ್ರೀಮ್ ವಾರಿಯರ್ಸ್’, ನೋಡಬಹುದು. ಅದರ ಕಥೆಯಲ್ಲಿ ಕ್ರೇವನ್ ಕೈ ಇದೆ. ಮೊದಲ ಸಿನಿಮಾದ ನಾಯಕಿ ನ್ಯಾನ್ಸಿ ಅದರಲ್ಲಿ ವಾಪಸ್ ಬರುತ್ತಾಳೆ. ಉಳಿದವು ಮಳೆಗಾಲದ ಭಾನುವಾರಕ್ಕೆ ಸಾಕು.

ಆರನೆಯದರಲ್ಲಿ ಫ್ರೆಡ್ಡಿ ಸತ್ತಿದ್ದ, ಅಲ್ವಾ?

ಸತ್ತಿದ್ದ. 1991ರ ‘ಫ್ರೆಡ್ಡೀಸ್ ಡೆಡ್: ದ ಫೈನಲ್ ನೈಟ್‌ಮೇರ್’. ಹೆಸರಿನಲ್ಲೇ ತಿಥಿ ಮುಗಿಸಿದ್ದರು. ಕೊನೆಯ ಭಾಗಕ್ಕೆ ತ್ರೀ-ಡಿ ಕನ್ನಡಕ ಬೇರೆ. ಹಾಗಾಗಿ ಏಳನೆಯದು ಮಾಡಲು ಹೊರಟಾಗ ಎದುರಿಗಿದ್ದ ಮೊದಲ ಪ್ರಶ್ನೆಯೇ ಇದು: ಸತ್ತವನನ್ನು ಎಬ್ಬಿಸುವುದು ಹೇಗೆ? ಸಾಮಾನ್ಯವಾಗಿ ಇಂಥ ಸರಣಿಗಳಲ್ಲಿ ಒಂದು ಮಿಂಚು ಹೊಡೆಸುತ್ತಾರೆ, ಹೆಣ ಎದ್ದು ಕೂರುತ್ತದೆ. ಕ್ರೇವನ್ ಆ ಗೋಜಿಗೇ ಹೋಗಲಿಲ್ಲ. ಹಿಂದಿನ ಆರೂ ಬರೀ ಸಿನಿಮಾ, ಇದು ಆ ಸಿನಿಮಾ ಮಾಡಿದವರ ಬದುಕು ಅಂದುಬಿಟ್ಟರು.

ಅಷ್ಟು ಓಡುತ್ತಿದ್ದ ಸರಣಿ ಕೆಟ್ಟದ್ದು ಹೇಗೆ?

ಓಡಿದ್ದರಿಂದಲೇ. ಮೊದಲ ಸಿನಿಮಾಕ್ಕೆ ಆದ ಖರ್ಚು 20 ಲಕ್ಷ ಡಾಲರ್‌ಗೂ ಕಡಿಮೆ. ಗಳಿಕೆ ಅಮೆರಿಕದಲ್ಲೇ 2 ಕೋಟಿ ಡಾಲರ್ ದಾಟಿತು. ನ್ಯೂ ಲೈನ್ ಸಿನಿಮಾ ಎಂಬ ಸಣ್ಣ ಕಂಪನಿ ಎದ್ದು ನಿಂತದ್ದು ಇದರಿಂದ. ಅದನ್ನು ‘ಫ್ರೆಡ್ಡಿ ಕಟ್ಟಿದ ಮನೆ’ ಅಂತಲೇ ಕರೆಯುತ್ತಿದ್ದರು. ಮನೆ ಕಟ್ಟಿಕೊಟ್ಟವನನ್ನು ಸುಮ್ಮನೆ ಕೂರಲು ಬಿಡುತ್ತಾರಾ? 1985, 1987, 1988, 1989, 1991, ಒಂದರ ಹಿಂದೆ ಒಂದು. ನಡುವೆ ಟಿವಿ ಧಾರಾವಾಹಿ. ಗೊಂಬೆಗಳು, ಮುಖವಾಡಗಳು, ರ್‍ಯಾಪ್ ಹಾಡು.

ಒಂದನೆಯದರಲ್ಲಿ ಫ್ರೆಡ್ಡಿ ಕತ್ತಲಲ್ಲೇ ಇರುತ್ತಾನೆ. ಮಾತು ಕಡಿಮೆ. ಗ್ಲೌಸಿನ ಚೂರಿ ಪೈಪಿಗೆ ಉಜ್ಜುವ ಸದ್ದು ಮೊದಲು ಬರುತ್ತದೆ, ಅವನು ಆಮೇಲೆ. ನಾಲ್ಕು, ಐದನೆಯದಕ್ಕೆ ಬರುವಾಗ ಬೆಳಕಿನಲ್ಲಿ ನಿಂತು ಚಟಾಕಿ ಹಾರಿಸುತ್ತಾನೆ. ಕೊಂದ ಮೇಲೆ ಒಂದು ಜೋಕು. ಜನ ಚಪ್ಪಾಳೆ ಹೊಡೆದದ್ದು ಆ ಜೋಕಿಗೆ, ಆದ್ದರಿಂದ ಮುಂದಿನದರಲ್ಲಿ ಜೋಕು ಇನ್ನೂ ಜಾಸ್ತಿ. ಮಕ್ಕಳನ್ನು ಕೊಲ್ಲುವವನ ವೇಷವನ್ನು ಮಕ್ಕಳೇ ಹಾಕಿಕೊಂಡು ತಿರುಗಾಡುವ ಹಾಗಾಯಿತು. ಯಾರೂ ಇದರಲ್ಲಿ ಏನೋ ವಿಚಿತ್ರ ಇದೆ ಅಂತ ಹೇಳಿದ ಹಾಗೆ ಕಾಣುವುದಿಲ್ಲ.

ಕ್ರೇವನ್ ಇದನ್ನು ಏಳನೆಯದರಲ್ಲಿ ಒಂದೇ ದೃಶ್ಯದಲ್ಲಿ ತೋರಿಸಿಬಿಡುತ್ತಾರೆ. ನಟಿ ಹೆದರ್ ಲ್ಯಾಂಗೆನ್‌ಕ್ಯಾಂಪ್ ಒಂದು ಟಿವಿ ಸಂದರ್ಶನಕ್ಕೆ ಬಂದಿದ್ದಾಳೆ. ಇದ್ದಕ್ಕಿದ್ದಂತೆ ಫ್ರೆಡ್ಡಿ ವೇಷದಲ್ಲಿ ನಟ ರಾಬರ್ಟ್ ಎಂಗ್ಲಂಡ್ ಪ್ರವೇಶ. ಸ್ಟುಡಿಯೋ ತುಂಬ ಕೇಕೆ. ಫ್ರೆಡ್ಡಿ ಥರವೇ ಬಟ್ಟೆ ಹಾಕಿಕೊಂಡು ಬಂದವರೂ ಇದ್ದಾರೆ. ಎಲ್ಲರೂ ನಗುತ್ತಿದ್ದಾರೆ. ಹೆದರ್ ಮುಖ ಮಾತ್ರ ನೋಡಿ.

ಹಾಗಾದರೆ ಹೊಸತು ಏನು ಮಾಡಿದರು?

ಎಲ್ಮ್ ಸ್ಟ್ರೀಟ್ ಬಿಟ್ಟರು. ಕಥೆ ನಡೆಯುವುದು ಲಾಸ್ ಏಂಜಲೀಸಿನಲ್ಲಿ. ಹೆದರ್ ತನ್ನ ಸ್ವಂತ ಹೆಸರಿನಲ್ಲೇ ಇದ್ದಾಳೆ: ಹತ್ತು ವರ್ಷದ ಹಿಂದೆ ನ್ಯಾನ್ಸಿಯ ಪಾತ್ರ ಮಾಡಿದ ನಟಿ. ಗಂಡ, ಒಬ್ಬ ಸಣ್ಣ ಮಗ. ಗಂಡನದ್ದು ಸಿನಿಮಾಕ್ಕೆ ಸ್ಪೆಷಲ್ ಎಫೆಕ್ಟ್ ಮಾಡುವ ಕೆಲಸ. ಫೋನಿನಲ್ಲಿ ಯಾರೋ ಫ್ರೆಡ್ಡಿಯ ದನಿಯಲ್ಲಿ ಕಾಡುತ್ತಾರೆ. ಮಗ ಡಿಲನ್ ನಿದ್ದೆಯಲ್ಲಿ ನಡೆಯುತ್ತಾನೆ, ಕೇಳಿಯೇ ಇರದ ಫ್ರೆಡ್ಡಿ ಹಾಡು ಹೇಳುತ್ತಾನೆ. ಕಂಪನಿಯವರು ಇನ್ನೊಂದು ಸಿನಿಮಾಕ್ಕೆ ಕರೆಯುತ್ತಾರೆ. ಕಂಪನಿಯ ಮುಖ್ಯಸ್ಥ ಬಾಬ್ ಶೇ ಕೂಡ ತಾವಾಗಿಯೇ ಬರುತ್ತಾರೆ, ಮೇಜಿನ ಹಿಂದೆ ಕೂತು.

ಇದು ಒಮ್ಮೆಗೆ ಹೊಳೆದ ಉಪಾಯ ಅಲ್ಲ. ಮೂರನೆಯ ಸಿನಿಮಾದ ಹೊತ್ತಿಗೇ ಕ್ರೇವನ್ ಇಂಥದ್ದೇ ಒಂದು ಯೋಚನೆ ಮುಂದಿಟ್ಟಿದ್ದರು, ಸಿನಿಮಾ ಮಾಡುವವರನ್ನೇ ಫ್ರೆಡ್ಡಿ ಕಾಡುವುದು. ಕಂಪನಿ ಬೇಡ ಅಂದಿತು. ಆಗ ಒಪ್ಪಿದ್ದರೆ ಅರ್ಧ ಕೆಲಸವೂ ಆಗುತ್ತಿರಲಿಲ್ಲ ಅಂತ ನನ್ನ ಲೆಕ್ಕ. ಫ್ರೆಡ್ಡಿ ಸಂಪೂರ್ಣ ಕೆಡುವವರೆಗೆ ಕಾಯಬೇಕಿತ್ತು. ಕೆಟ್ಟದ್ದರಿಂದಲೇ ಈ ಕಥೆ ಹುಟ್ಟಿತು.

ಕ್ರೇವನ್ ಮನೆಯ ದೃಶ್ಯ ಅರ್ಥ ಆಗಲಿಲ್ಲ. ಕಥೆ ನಿಂತರೆ ರಾಕ್ಷಸ ಹೊರಬರುವುದು ಅಂದರೆ ಏನು?

ಇದೇ ಸಿನಿಮಾದ ಹೃದಯ. ಹೆದರ್ ಕೇಳಲು ಹೋದಾಗ ಕ್ರೇವನ್ ತಮ್ಮ ಮನೆಯಲ್ಲಿ ಅವಳಿಗೆ ಹೇಳುವುದನ್ನು ಮೊದಲು ಹೇಳುತ್ತೇನೆ. ಹಳೆಯ ಕಾಲದಿಂದಲೂ ಒಂದು ಕೆಡುಕು ಇದೆ. ಅದಕ್ಕೆ ಸ್ವಂತ ರೂಪ ಇಲ್ಲ. ಕಥೆ ಹೇಳುವವರು ಆಗಾಗ ಅದನ್ನು ಒಂದು ಕಥೆಯೊಳಗೆ ಹಿಡಿದು ಕೂರಿಸುತ್ತಾರೆ. ಕಥೆ ಜೀವಂತ ಇರುವಷ್ಟು ದಿನ ಅದು ಒಳಗೇ ಇರುತ್ತದೆ. ಕಥೆ ಸತ್ತರೆ, ಯಾರೋ ನಿಷೇಧಿಸಿದರೆ, ಅಥವಾ ಮಾರಾಟಕ್ಕಾಗಿ ನೀರು ಬೆರೆಸಿ ಬೆರೆಸಿ ತೆಳ್ಳಗೆ ಮಾಡಿದರೆ, ಅದು ಹೊರಬರುತ್ತದೆ. ಈ ಸಲ ಅದಕ್ಕೆ ಫ್ರೆಡ್ಡಿಯ ರೂಪ ಅಭ್ಯಾಸ ಆಗಿದೆ. ಹೊರಗೆ ಬರಲು ಅದು ದಾಟಬೇಕಾದದ್ದು ಹೆದರ್‌ಳನ್ನು, ಯಾಕೆಂದರೆ ಮೊದಲು ಅದನ್ನು ಸೋಲಿಸಿದವಳು ಅವಳು ಮಾಡಿದ ನ್ಯಾನ್ಸಿ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ ಅನ್ನಿಸುತ್ತದೆ. ‘ದೇವೀ ಮಹಾತ್ಮೆ’ಯ ಯಕ್ಷಗಾನ ಆಟ ನೆನಪು ಮಾಡಿಕೊಳ್ಳಿ. ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ. ಸಭೆಯ ಹಿಂದಿನಿಂದ ಬರುತ್ತಾನೆ. ಸೂಟೆ, ಅಂದರೆ ಪಂಜು, ಉರಿಯುತ್ತಿರುತ್ತದೆ, ರಾಳದ ಪುಡಿ ಎರಚಿದಾಗ ಬೆಂಕಿ ಭುಗ್ಗನೆ ಏಳುತ್ತದೆ, ನಿದ್ದೆಗಣ್ಣಿನ ಮಕ್ಕಳು ಅಮ್ಮನ ಸೆರಗಿನೊಳಗೆ. ಆ ಮುಖಕ್ಕೆ ಅಕ್ಕಿ ಹಿಟ್ಟು ಸುಣ್ಣ ಕಲಸಿ ಒಂದೊಂದೇ ಬಿಳಿ ಚುಕ್ಕೆಯ ಚಿಟ್ಟಿ ಇಡುತ್ತ ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತಿರುತ್ತಾರೆ. ನಮಗೆ ಆ ಕಲಾವಿದ ಗೊತ್ತು. ಸಂಜೆ ಚಹಾ ಅಂಗಡಿಯಲ್ಲಿ ನೋಡಿರುತ್ತೇವೆ. ಆದರೂ ಸೂಟೆಯ ಬೆಳಕಿನಲ್ಲಿ ಎರಡು ಕೊಂಬು ಕಂಡಾಗ ಎದೆ ಧಸಕ್ ಅನ್ನುತ್ತದೆ. ದೇವಿಯ ಕೈಯಲ್ಲಿ ಸಾಯುತ್ತಾನೆ. ಮುಂದಿನ ವರ್ಷ ಮತ್ತೆ ಬರುತ್ತಾನೆ, ಮತ್ತೆ ಸಾಯುತ್ತಾನೆ. ಎಷ್ಟು ಸಲ ಬಂದರೂ ಹೆದರಿಕೆ ತೆಳ್ಳಗಾಗುವುದಿಲ್ಲ, ಯಾಕೆಂದರೆ ರಾಕ್ಷಸನ ಬಣ್ಣದ ವೇಷಕ್ಕೆ ಬಣ್ಣದ ವೇಷದ ಗತ್ತು, ಹಾಸ್ಯಗಾರನಿಗೆ ಹಾಸ್ಯಗಾರನ ಕೆಲಸ. ಮಹಿಷಾಸುರನಿಗೆ ಹಾಸ್ಯದ ಮಾತು ಕೊಟ್ಟು ನಾಲ್ಕು ವರ್ಷ ಆಡಿಸಿ ನೋಡಿ. ಐದನೆಯ ವರ್ಷ ಮಕ್ಕಳು ಎದ್ದು ಕೂರುವುದೇ ಇಲ್ಲ.

ಅಮೆರಿಕದವರು ಫ್ರೆಡ್ಡಿಗೆ ಮಾಡಿದ್ದು ಅದನ್ನೇ. ಕ್ರೇವನ್ ಅವನ ಕೈಯಿಂದ ಹಾಸ್ಯಗಾರನ ಕೋಲು ಕಿತ್ತುಕೊಂಡರು. ಸರಣಿಯನ್ನು ಹೊಸದು ಮಾಡುವುದು ಅಂದರೆ ಹೊಸ ಊರು, ಹೊಸ ಆಯುಧ, ಹೊಸ ಹುಡುಗರು ಅಂತ ಎಲ್ಲರೂ ಅಂದುಕೊಂಡಿದ್ದಾಗ ಇವರು ಕೇಳಿದ್ದು ಬೇರೆ: ಈ ಕಥೆ ಇರುವುದು ಯಾತಕ್ಕೆ?

ಭೂತಕೋಲದ ಹಾಗೆ ಅಂತಲೂ ಹೇಳಬಹುದಲ್ವಾ?

ಈ ಪ್ರಶ್ನೆ ಪ್ರತಿ ಸಲ ಬರುತ್ತದೆ, ಪ್ರತಿ ಸಲ ನನ್ನ ಉತ್ತರ ಬೇಡ ಅಂತ. ನಮ್ಮಲ್ಲಿ ದೈವ ಕಾಯುವಂಥದ್ದು, ನ್ಯಾಯ ಹೇಳುವಂಥದ್ದು. ಅಲ್ಲಿ ನಡೆಯುವುದು ಆರಾಧನೆ, ಆಟ ಅಲ್ಲ. ಫ್ರೆಡ್ಡಿ ಬರೀ ಕೆಡುಕು. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಇದರಲ್ಲಿ ನಿಜ ಎಷ್ಟು, ಕಟ್ಟಿದ್ದು ಎಷ್ಟು?

ಹೆದರ್ ನಿಜ. ಎಂಗ್ಲಂಡ್, ಕ್ರೇವನ್, ಬಾಬ್ ಶೇ, ಮೊದಲ ಸಿನಿಮಾದಲ್ಲಿ ನ್ಯಾನ್ಸಿಯ ತಂದೆಯಾಗಿದ್ದ ಜಾನ್ ಸ್ಯಾಕ್ಸನ್, ಎಲ್ಲರೂ ಅವರವರ ಹೆಸರಲ್ಲೇ ಇದ್ದಾರೆ. ಗಂಡ ಮತ್ತು ಮಗ ಕಟ್ಟಿದ ಪಾತ್ರಗಳು. ಗಂಡನಾಗಿ ಡೇವಿಡ್ ನ್ಯೂಸಮ್, ಮಗನಾಗಿ ಮೀಕೋ ಹ್ಯೂಸ್. ಆದರೆ ಹೆದರ್‌ಳ ನಿಜವಾದ ಗಂಡನೂ ಮೇಕಪ್ ಎಫೆಕ್ಟ್ ಕೆಲಸದವರೇ. ಒಬ್ಬ ಅಭಿಮಾನಿ ಅವಳ ಬೆನ್ನು ಬಿದ್ದು ಕಾಡಿದ್ದೂ ನಡೆದದ್ದೇ, ಅವಳು ಒಂದು ಟಿವಿ ಧಾರಾವಾಹಿಯಲ್ಲಿದ್ದ ಕಾಲದಲ್ಲಿ. ಅದನ್ನು ಕಥೆಗೆ ಬಳಸಿಕೊಳ್ಳಲು ಅವಳೇ ಒಪ್ಪಿದ್ದಳು. ತನ್ನ ಜೀವದ ಹೆದರಿಕೆಯನ್ನೇ ತಂದು ತೆರೆ ಮೇಲೆ ಇಡಲು ಗುಂಡಿಗೆ ಬೇಕು. ಅವಳ ನಟನೆಯನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

ಕೊನೆಗೆ ಹೆಸರುಗಳು ಮೇಲೆ ಹೋಗುವಾಗ ಎದ್ದು ಹೋಗಬೇಡಿ. ‘ಫ್ರೆಡ್ಡಿ ಕ್ರೂಗರ್’ ಪಾತ್ರದಲ್ಲಿ ‘ಸ್ವತಃ’ ಅಂತ ಹಾಕಿದ್ದಾರೆ.

ಭೂಕಂಪ? ಅದೂ ನಿಜವಾ?

ಅರ್ಧ. ಕ್ರೇವನ್ ಚಿತ್ರಕಥೆಯಲ್ಲಿ ಮೊದಲೇ ಭೂಕಂಪ ಬರೆದಿದ್ದರು. ಚಿತ್ರೀಕರಣ ನಡೆಯುತ್ತಿರುವಾಗಲೇ, 1994ರ ಜನವರಿ 17ರ ಬೆಳಗಿನ ಜಾವ 4.31ಕ್ಕೆ, ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಲ್ಲಿ ನಿಜವಾದ ಭೂಕಂಪ ಆಯಿತು. ತೀವ್ರತೆ 6.7. ಆಮೇಲೆ ತಂಡದವರು ಹೋಗಿ ಒಡೆದ ರಸ್ತೆ, ಕುಸಿದ ಕಟ್ಟಡಗಳನ್ನು ಚಿತ್ರೀಕರಿಸಿಕೊಂಡು ಬಂದು ಸಿನಿಮಾಕ್ಕೆ ಸೇರಿಸಿದರು. ಕಥೆ ಹೊರಗೆ ಬರುವುದರ ಬಗ್ಗೆ ಸಿನಿಮಾ ಮಾಡುತ್ತಿರುವಾಗ ಬರೆದದ್ದು ಬಾಗಿಲಿಗೇ ಬಂದರೆ ಆ ಸೆಟ್ಟಿನಲ್ಲಿ ಹೇಗಿದ್ದಿರಬೇಡ! ನಮ್ಮಲ್ಲಾದರೆ ಮರುದಿನವೇ ಜ್ಯೋತಿಷಿಯನ್ನು ಕರೆಸಿ ಪ್ರಶ್ನೆ ಇಡಿಸುತ್ತಿದ್ದರು.

ಫ್ರೆಡ್ಡಿ ಬೇರೆ ಥರ ಕಾಣುತ್ತಾನಲ್ಲ?

ಬೇಕೆಂದೇ. ಹಳೆಯ ಫ್ರೆಡ್ಡಿಯ ಗ್ಲೌಸು ಅವನೇ ಮಾಡಿಕೊಂಡದ್ದು, ಲೋಹದ ತುಂಡು ಜೋಡಿಸಿ, ನಾಲ್ಕು ಚೂರಿ. ಹೊಸಬನದ್ದು ಗ್ಲೌಸೇ ಅಲ್ಲ. ಕೈಯ ಎಲುಬು, ಸ್ನಾಯು ಹೊರಗೆ ಕಾಣುತ್ತವೆ, ಚೂರಿಗಳು ಅಲ್ಲಿಂದಲೇ ಬೆಳೆದ ಹಾಗಿವೆ, ಹೆಬ್ಬೆರಳಿಗೂ ಒಂದು ಸೇರಿ ಐದು. ಮೇಲೊಂದು ಉದ್ದ ಕೋಟು. ಟೊಪ್ಪಿ ಹಸಿರು. ಮುಖದ ಗಾಯ ಸುಟ್ಟ ಗಾಯಕ್ಕಿಂತ ಸುಲಿದ ಮಾಂಸದ ಹಾಗೆ.

ಇಲ್ಲಿ ನನಗೆ ಸ್ವಲ್ಪ ತಕರಾರು ಇದೆ. ಕೈ ಚೆನ್ನಾಗಿದೆ. ಮುಖ ಅಷ್ಟಾಗಿ ಹೆದರಿಸುವುದಿಲ್ಲ, ತೀರಾ ಅಚ್ಚುಕಟ್ಟು. 1984ರ ಮುಖದಲ್ಲಿ ಒಂದು ಕೊಳಕು ಇತ್ತು, ನೋಡಲು ಹೇಸಿಗೆ ಆಗುತ್ತಿತ್ತು. ಇದು ಶಿಲ್ಪಿ ಕೆತ್ತಿದ ಹಾಗೆ.

ಹೆದರಿಕೆ ಆಗುತ್ತದಾ?

ರಕ್ತ ನೋಡಿ ಹೆದರುವವರಿಗೆ ಇದರಲ್ಲಿ ಕಡಿಮೆಯೇ. ಸಾವುಗಳೂ ಕಡಿಮೆ. ಮೊದಲ ಒಂದು ಗಂಟೆಯಲ್ಲಿ ಫ್ರೆಡ್ಡಿ ಸರಿಯಾಗಿ ಕಾಣುವುದೂ ಇಲ್ಲ. ‘ಎಂಥ ಮಾರಾಯ, ಬರುವುದೇ ಇಲ್ಲವಾ ಅವನು?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೆದರಿಸುವುದು ಬೇರೆ ವಿಷಯ.

ಡಿಲನ್‌ನ ಹತ್ತಿರ ಒಂದು ಡೈನೋಸಾರ್ ಗೊಂಬೆ ಇದೆ, ರೆಕ್ಸ್ ಅಂತ. ಬಟ್ಟೆಯದ್ದು. ರಾತ್ರಿ ಹಾಸಿಗೆಯ ಕಾಲ ಬುಡದಲ್ಲಿ, ಹೊದಿಕೆಯ ಒಳಗೆ ಅದನ್ನು ಇಡಬೇಕು. ಕೆಟ್ಟವನು ಅಲ್ಲಿಂದ ಹತ್ತಿ ಬಾರದ ಹಾಗೆ ಅದು ಕಾವಲು. ಒಂದು ದಿನ ಆ ಗೊಂಬೆಯ ಹೊಟ್ಟೆಯ ಮೇಲೆ ಸಾಲಾಗಿ ಸೀಳಿದ ಗುರುತು. ತಾಯಿ ಕೂತು ಸೂಜಿ ನೂಲಿನಿಂದ ಅದನ್ನು ಹೊಲಿಯುತ್ತಾಳೆ. ಇಷ್ಟೇ. ಸೀಳಿದ್ದು ಯಾರು ಅಂತ ಯಾರೂ ಹೇಳುವುದಿಲ್ಲ. ಆ ಹುಡುಗ ಹೊದಿಕೆಯ ಕೆಳಗಿನ ಕಡೆಗೆ ನೋಡುವ ನೋಟ ಇದೆಯಲ್ಲ, ಅದನ್ನು ನೋಡಿದ ಮೇಲೆ ನಾವು ದೊಡ್ಡವರೂ ಕಾಲು ಮಡಚಿ ಮಲಗಿದ್ದೇವೆ.

ಇನ್ನೊಂದು, ಗಂಡನ ಸಾವು. ಮುಂದಿನ ಎರಡು ಸಾಲು ನೋಡದವರು ಬಿಟ್ಟು ಓದಿ. ರಾತ್ರಿ ಒಬ್ಬನೇ ಕಾರು ಓಡಿಸಿಕೊಂಡು ಮನೆಗೆ ಬರುತ್ತಿದ್ದಾನೆ. ನಿದ್ದೆ ತಡೆಯಲು ಹಾಡು ಹೇಳುತ್ತಾನೆ, ಕಣ್ಣು ಕೂರುತ್ತದೆ, ಸೀಟಿನ ನಡುವಿನಿಂದ ಆ ಕೈ ಮೇಲೇಳುತ್ತದೆ. ಮಂಗಳೂರಿನಿಂದ ತಡರಾತ್ರಿ ಹೈವೇಯಲ್ಲಿ ಬರುವವರಿಗೆ ಇದು ಸ್ವಲ್ಪ ಜಾಸ್ತಿಯೇ ನಾಟುತ್ತದೆ.

ಜಾನಿ ಡೆಪ್ ಇದರಲ್ಲಿದ್ದಾನಾ?

ಇಲ್ಲ. ಅವನು ನಟಿಸಿದ ಮೊದಲ ಸಿನಿಮಾ ಈ ಸರಣಿಯ 1984ರದ್ದೇ, ಅದರಲ್ಲಿ ಹಾಸಿಗೆ ಅವನನ್ನು ನುಂಗುತ್ತದೆ. ಏಳನೆಯದಕ್ಕೆ ಕರೆಯಲು ಕ್ರೇವನ್ ಹಿಂಜರಿದರಂತೆ.

ಆಸ್ಪತ್ರೆಯ ಡಾಕ್ಟರ್ ಯಾಕೆ ಅಷ್ಟು ಸಿಡುಕು?

ಅದರಲ್ಲಿ ಒಂದು ಕುಟುಕು ಇದೆ. ಡಿಲನ್‌ನನ್ನು ನೋಡಿಕೊಳ್ಳುವ ಆ ಡಾಕ್ಟರ್ ಹೆಸರು ಹೆಫ್ನರ್. ಆ ಕಾಲದಲ್ಲಿ ಅಮೆರಿಕದಲ್ಲಿ ಸಿನಿಮಾಗಳಿಗೆ ವಯಸ್ಸಿನ ಸರ್ಟಿಫಿಕೇಟ್ ಕೊಡುವ ಮಂಡಳಿಯ ಮುಖ್ಯಸ್ಥರಾಗಿದ್ದವರು ರಿಚರ್ಡ್ ಹೆಫ್ನರ್. ಕತ್ತರಿ ಹಾಕಿಸಿಕೊಂಡು ಸುಸ್ತಾಗಿದ್ದ ಕ್ರೇವನ್, ಹಾರರ್ ಸಿನಿಮಾ ಮಕ್ಕಳನ್ನು ಹಾಳು ಮಾಡುತ್ತದೆ ಅನ್ನುವ ಡಾಕ್ಟರಿಗೆ ಆ ಹೆಸರಿಟ್ಟರು.

ಆದರೆ ಕ್ರೇವನ್‌ರನ್ನು ಮೆಚ್ಚಬೇಕಾದದ್ದು ಬೇರೆ ಕಾರಣಕ್ಕೆ. ಅವರು ಡಾಕ್ಟರ್ ಹೇಳುವುದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಹೆದರ್‌ಗೂ ಆ ಸಂಶಯ ಇದೆ: ನಾನು ಮಾಡಿದ ಸಿನಿಮಾದಿಂದಲೇ ನನ್ನ ಮಗನಿಗೆ ಹೀಗಾಯಿತಾ? ಅಂತ. ಸ್ಲ್ಯಾಶರ್ ಸಿನಿಮಾವೊಂದು ತನ್ನನ್ನೇ ಈ ಪ್ರಶ್ನೆ ಕೇಳಿಕೊಳ್ಳುವುದು ಅಪರೂಪ.

ಎಲ್ಲವೂ ಚೆನ್ನಾಗಿದೆ ಅಂತೀರಾ? ಕೊನೆಯ ಭಾಗ ನಮಗೆ ಸಪ್ಪೆ ಅನ್ನಿಸಿತು.

ಕಥೆ ಗೊತ್ತಾಗಬಾರದು ಅನ್ನುವವರು ಇದನ್ನು ದಾಟಿ ಹೋಗಿ.

ನನಗೂ ಸಪ್ಪೆಯೇ. ಸುಮಾರು ಒಂದೂವರೆ ಗಂಟೆ ಕಾಣದ ಕೆಡುಕನ್ನು ಕಟ್ಟಿ, ಕೊನೆಗೆ ಅವನನ್ನು ನೆಲದಡಿಯ ಒಂದು ಸೆಟ್ಟಿನಲ್ಲಿ ನಿಲ್ಲಿಸುತ್ತಾರೆ. ಕಂಬ, ಬೆಂಕಿ, ಮೆಟ್ಟಿಲು, ಎಲ್ಲ ಥರ್ಮೋಕೋಲ್ ಥರ. ಬಾಯಿ ಅಗಲಿಸುವುದು, ನಾಲಿಗೆ ಉದ್ದ ಮಾಡುವುದು, ಹಳೆಯ ಸರ್ಕಸ್ಸೇ. ರಾಕ್ಷಸನಿಗೆ ಗಾಂಭೀರ್ಯ ವಾಪಸ್ ಕೊಡುತ್ತೇವೆ ಅಂತ ಹೊರಟ ಸಿನಿಮಾ ಕೊನೆಯ ಇಪ್ಪತ್ತು ನಿಮಿಷದಲ್ಲಿ ಮಾತು ತಪ್ಪುತ್ತದೆ. ಹೈವೇ ಮೇಲೆ ಆಕಾಶದಷ್ಟು ದೊಡ್ಡ ಫ್ರೆಡ್ಡಿ ಹುಡುಗನನ್ನು ಎತ್ತಿ ಹಿಡಿಯುವ ಎಫೆಕ್ಟ್ ಈಗ ನೋಡಿದರೆ ನಗು ಬರುತ್ತದೆ.

ಅದರ ನಡುವೆಯೂ ಎರಡು ವಿಷಯ ನಿಲ್ಲುತ್ತವೆ. ಒಂದು, ಜಾನ್ ಸ್ಯಾಕ್ಸನ್ ಮಾತಾಡುತ್ತಾ ಮಾತಾಡುತ್ತಾ ತನ್ನ ಹಳೆಯ ಪಾತ್ರವೇ ಆಗಿಬಿಡುವುದು. ಹೆದರ್ ಅವನನ್ನು ‘ಜಾನ್’ ಅಂತ ಕರೆಯುತ್ತಾಳೆ, ಅವನು ಅವಳನ್ನು ‘ನ್ಯಾನ್ಸಿ’ ಅನ್ನುತ್ತಾನೆ. ತಿರುಗಿ ನೋಡಿದರೆ ಮನೆಯೂ ಎಲ್ಮ್ ಸ್ಟ್ರೀಟಿನ ಮನೆ. ಮಗನನ್ನು ಉಳಿಸಬೇಕಾದರೆ ಅವಳು ಮತ್ತೆ ಆ ಪಾತ್ರ ಒಪ್ಪಲೇಬೇಕು. ಎರಡು, ಡಿಲನ್ ನಿದ್ದೆ ಮಾತ್ರೆಗಳನ್ನು ದಾರಿಗುರುತಾಗಿ ಉದುರಿಸುತ್ತಾ ಹೋಗುವುದು. ‘ಹ್ಯಾನ್ಸಲ್ ಮತ್ತು ಗ್ರೆಟಲ್’ ಕಥೆಯನ್ನು ತಾಯಿ ಮಗ ಮೊದಲೇ ಓದಿರುತ್ತಾರೆ, ಆದ್ದರಿಂದ ಫ್ರೆಡ್ಡಿಯ ಅಂತ್ಯ ಒಲೆಯಲ್ಲೇ. ಹಳೆಯ ಕಥೆಗಳು ಮಕ್ಕಳನ್ನು ಹೆದರಿಸುತ್ತಲೇ ಕಾಪಾಡುತ್ತವೆ ಅನ್ನುವುದನ್ನು ಭಾಷಣ ಇಲ್ಲದೆ ತೋರಿಸಿದ್ದಾರೆ.

ದುಡ್ಡು ಮಾಡಿತಾ?

ಅಷ್ಟಾಗಿ ಇಲ್ಲ. ಖರ್ಚು ಸುಮಾರು 80 ಲಕ್ಷ ಡಾಲರ್, ಅಮೆರಿಕದಲ್ಲಿ ಗಳಿಕೆ ಸುಮಾರು 1 ಕೋಟಿ 80 ಲಕ್ಷ. ಮುಳುಗಲಿಲ್ಲ, ಆದರೆ ಆ ಏಳರಲ್ಲಿ ಅತಿ ಕಡಿಮೆ ಗಳಿಸಿದ್ದು ಇದೇ. ತೆರೆಗೆ ಬಂದದ್ದು 1994ರ ಅಕ್ಟೋಬರ್ 14ರಂದು, ‘ಪಲ್ಪ್ ಫಿಕ್ಷನ್’ ಅಮೆರಿಕದ ಥಿಯೇಟರುಗಳಿಗೆ ಬಂದ ದಿನವೇ. ವಿಮರ್ಶಕರು ಹಿಂದಿನವುಗಳಿಗಿಂತ ಚೆನ್ನಾಗಿ ಬರೆದರು. ಜನರಿಗೆ ಮಾತ್ರ ಜೋಕು ಹೊಡೆಯುವ ಫ್ರೆಡ್ಡಿಯೇ ಬೇಕಿತ್ತೋ ಏನೋ. ಹತ್ತು ವರ್ಷ ಸಿಹಿ ಹಾಕಿ ಕುಡಿಸಿದ ಮೇಲೆ ಕಷಾಯ ಕೊಟ್ಟರೆ ಯಾರು ಕುಡಿಯುತ್ತಾರೆ?

ಬೇರೆ ಸರಣಿಗಳು ಹೀಗೆ ಹೊಸ ದಾರಿ ಹಿಡಿದಿವೆಯಾ?

ಹಿಡಿದಿವೆ, ಹೆಚ್ಚಿನವು ಪೆಟ್ಟು ತಿಂದು ವಾಪಸ್ ಬಂದಿವೆ. 1982ರ ‘ಹ್ಯಾಲೋವೀನ್ 3’ರಲ್ಲಿ ಕೊಲೆಗಾರ ಮೈಕಲ್ ಮೈಯರ್ಸ್ ಇಲ್ಲವೇ ಇಲ್ಲ. ಮಕ್ಕಳ ಮುಖವಾಡ ಮಾರುವ ಕಂಪನಿಯೊಂದರ ಮಾಟದ ಕಥೆ. ಪ್ರತಿ ವರ್ಷ ಒಂದೊಂದು ಬೇರೆ ಕಥೆ ಮಾಡುವ ಆಲೋಚನೆ ಇತ್ತು. ಜನ ಮೈಕಲ್ ಎಲ್ಲಿ ಅಂತ ಕೇಳಿದರು, 1988ರಲ್ಲಿ ಅವನನ್ನು ಕರೆಸಿದರು. ನನಗೆ ಆ ಮೂರನೆಯದು ಇಷ್ಟ, ಸರಣಿಯ ಹೆಸರು ಬಿಟ್ಟು ನೋಡಿದರೆ ಒಳ್ಳೆಯ ಸಿನಿಮಾ. 1985ರ ಐದನೆಯ ‘ಫ್ರೈಡೇ ದ ಥರ್ಟೀಂತ್’ನಲ್ಲಿ ಆ ಸರಣಿಯ ಕೊಲೆಗಾರ ಜೇಸನ್‌ನ ಮುಖವಾಡದೊಳಗೆ ಬೇರೆಯೇ ಒಬ್ಬನನ್ನು ಇಟ್ಟರು, ಬೈಗುಳ ತಿಂದರು, ಮರುವರ್ಷ ಮಿಂಚು ಹೊಡೆಸಿ ನಿಜವಾದ ಜೇಸನ್‌ನನ್ನು ಎಬ್ಬಿಸಿದರು. ಆಮೇಲೆ ಅವನನ್ನು ಬಾಹ್ಯಾಕಾಶಕ್ಕೂ ಕಳಿಸಿದ್ದಾರೆ, ಅದರ ಬಗ್ಗೆ ಮಾತು ಬೇಡ.

ಈಗಿನ ರೂಢಿ ಇನ್ನೊಂದು: ನಡುವಿನವೆಲ್ಲ ನಡೆದೇ ಇಲ್ಲ ಅಂತ ಅಳಿಸಿ, ಮೊದಲನೆಯದಕ್ಕೆ ನೇರ ಎರಡನೆಯದು ಮಾಡುವುದು. 2018ರ ‘ಹ್ಯಾಲೋವೀನ್’ ಹಾಗೆ ಮಾಡಿ ಗೆದ್ದಿತು. ಆದರೆ ಅದೇ ತಂಡ 2022ರ ‘ಹ್ಯಾಲೋವೀನ್ ಎಂಡ್ಸ್’ನಲ್ಲಿ ಮೈಕಲ್‌ನನ್ನು ಮೂಲೆಗೆ ಸರಿಸಿ ಹೊಸ ಹುಡುಗನ ಕಥೆ ಹೇಳಲು ಹೋದಾಗ ಅಭಿಮಾನಿಗಳು ಎರಡು ಪಾಲಾದರು. ಇವೆಲ್ಲದರ ಎದುರು ‘ನ್ಯೂ ನೈಟ್‌ಮೇರ್’ ಬೇರೆಯಾಗಿ ನಿಲ್ಲುವುದು ಒಂದು ಕಾರಣಕ್ಕೆ. ಅದು ಹಿಂದಿನದ್ದನ್ನು ಅಳಿಸುವುದಿಲ್ಲ. ಐದು ಕೆಟ್ಟ ಮುಂದಿನ ಭಾಗಗಳು ಬಂದದ್ದೇ ಈ ಕಥೆಯೊಳಗಿನ ಅಪರಾಧ.

‘ಸ್ಕ್ರೀಮ್’ ಇದರಿಂದಲೇ ಹುಟ್ಟಿತಾ?

‘ಸ್ಕ್ರೀಮ್’ ಬರೆದವರು ಕೆವಿನ್ ವಿಲಿಯಮ್ಸನ್, ಹಾಗಾಗಿ ಇದರ ಮಗು ಅನ್ನಲಾಗದು. ಆದರೆ 1996ರಲ್ಲಿ ಅದನ್ನು ನಿರ್ದೇಶಿಸಿದವರು ಕ್ರೇವನ್‌ರೇ. ಹಾರರ್ ಸಿನಿಮಾ ನೋಡಿ ಬೆಳೆದ ಪಾತ್ರಗಳು ಹಾರರ್ ಸಿನಿಮಾದ ಬಗ್ಗೆ ಮಾತಾಡುತ್ತಲೇ ಸಾಯುವುದು ಅಲ್ಲಿಯ ಸ್ವಾರಸ್ಯ. ಅದು ಜಗತ್ತಿನಾದ್ಯಂತ 17 ಕೋಟಿ ಡಾಲರ್ ದಾಟಿತು. ಎರಡು ವರ್ಷ ಹಿಂದೆ ಅದೇ ಮನುಷ್ಯ ಗಂಭೀರವಾಗಿ ಹೇಳಿದ್ದನ್ನು ನಗುತ್ತಾ ಹೇಳಿದಾಗ ಜನ ಕೇಳಿದರು.

ಹಿಂದಿಯಲ್ಲೂ ಫ್ರೆಡ್ಡಿ ಬಂದಿದ್ದನಂತೆ?

ಫ್ರೆಡ್ಡಿ ಅಂತ ಅಲ್ಲ, ಶಕಾಲ್ ಅಂತ. ರಾಮ್ಸೆ ಸಹೋದರರ ‘ಮಹಾಕಾಲ್’, 90ರ ದಶಕದ ಮೊದಲ ಭಾಗದ್ದು. ಕನಸು, ಚೂರಿ ಗ್ಲೌಸು ಎಲ್ಲ ಎತ್ತಿದ್ದೇ. ನಡುವೆ ಜಾನಿ ಲಿವರ್ ಹಾಸ್ಯ. ನಮ್ಮ ಅಣ್ಣಂದಿರ ಕಾಲದಲ್ಲಿ ಗಲ್ಫಿನಿಂದ ಬಂದ ವಿಸಿಆರ್ ಇರುವ ಮನೆಯಲ್ಲಿ ಬಾಡಿಗೆ ಕ್ಯಾಸೆಟ್ ಹಾಕಿ ನೋಡುತ್ತಿದ್ದದ್ದು ಇಂಥವನ್ನೇ.

ಮಕ್ಕಳಿಗೆ ತೋರಿಸಬಹುದಾ?

ಬೇಡ. ಅಮೆರಿಕದಲ್ಲಿ ಇದಕ್ಕೆ ‘ಆರ್’ ಸರ್ಟಿಫಿಕೇಟ್, ದೊಡ್ಡವರ ಜೊತೆಗಲ್ಲದೆ 17ಕ್ಕಿಂತ ಸಣ್ಣವರಿಗೆ ಪ್ರವೇಶ ಇಲ್ಲ. ಅಪಾಯದಲ್ಲಿ ಇರುವವನು ಸಣ್ಣ ಹುಡುಗ ಆದ್ದರಿಂದ ಅದೇ ವಯಸ್ಸಿನವರಿಗೆ ಜಾಸ್ತಿ ತಾಗುತ್ತದೆ. ಆಟಕ್ಕೆ ಕರೆದುಕೊಂಡು ಹೋಗಿ, ಮಹಿಷಾಸುರ ಸಾಕು.

ಭಾಷೆ ಕಷ್ಟ ಆಗುತ್ತದಾ?

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ನಮ್ಮಲ್ಲಿ ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಪಕ್ಕದವರಿಗೆ ವಿವರಿಸುವವರು ಯಾರಾದರೂ ಇರುತ್ತಾರೆ. ಅವರನ್ನು ಕ್ರೇವನ್ ಮನೆಯ ದೃಶ್ಯದಲ್ಲಿ ಮಾತ್ರ ಮಾತಾಡಲು ಬಿಡಿ.

ಆಮೇಲೆ ಫ್ರೆಡ್ಡಿ ಏನಾದ?

2003ರಲ್ಲಿ ‘ಫ್ರೆಡ್ಡಿ ವರ್ಸಸ್ ಜೇಸನ್’. ಇಬ್ಬರು ಹಳೆಯ ಪೈಲ್ವಾನರ ಕುಸ್ತಿ, ಫ್ರೆಡ್ಡಿ ಮತ್ತೆ ಜೋಕಿಗೆ ಇಳಿದ, ದುಡ್ಡು ಮಾತ್ರ ಚೆನ್ನಾಗಿ ಬಂತು. ಸಿನಿಮಾದಲ್ಲಿ ಎಂಗ್ಲಂಡ್ ಫ್ರೆಡ್ಡಿಯಾದದ್ದು ಅದೇ ಕೊನೆ. 2010ರಲ್ಲಿ ಮೊದಲ ಸಿನಿಮಾವನ್ನೇ ಹೊಸದಾಗಿ ತೆಗೆದರು, ಜಾಕಿ ಅರ್ಲ್ ಹೇಲಿ ಫ್ರೆಡ್ಡಿ. ಒಳ್ಳೆಯ ನಟ, ಜೀವ ಇಲ್ಲದ ಸಿನಿಮಾ. ಕ್ರೇವನ್ 2015ರ ಆಗಸ್ಟ್ 30ರಂದು ತೀರಿಕೊಂಡರು.

ಒಂದೇ ರಾತ್ರಿ ಎರಡು ನೋಡುವುದಾದರೆ ಯಾವುದು?

1984ರದ್ದು ಮೊದಲು, ಅದು ಒಂದೂವರೆ ಗಂಟೆ. ಊಟ ಮುಗಿಸಿ ‘ನ್ಯೂ ನೈಟ್‌ಮೇರ್’, 112 ನಿಮಿಷ. ನಡುವಿನ ಐದನ್ನು ಯಾರಾದರೂ ಊಟದ ಹೊತ್ತಿನಲ್ಲಿ ಬಾಯಿಮಾತಲ್ಲಿ ಹೇಳಿದರೆ ಸಾಕು.